ಟೊರ್ರೆ ಅರ್ಜೆಂಟೀನಾ ಬೆಕ್ಕುಧಾಮ

ರೋಮ್ ನಗರದ ನಡುವೆ, ಲಾರ್ಗೊ ದಿ ಟೊರ್ರೆ ಅರ್ಜೆಂಟೀನಾ ಚೌಕದ ಅವಶೇಷಗಳ ಅಂಚಿನಲ್ಲಿ ಸ್ವಯಂಸೇವಕರು ನಡೆಸುವ ಬೆಕ್ಕುಗಳ ಆಶ್ರಯತಾಣ. 1920ರ ದಶಕದ ಕೊನೆಯಲ್ಲಿ ನಡೆದ ಉತ್ಖನನದಲ್ಲಿ ಇಲ್ಲಿ ನಾಲ್ಕು ಪ್ರಾಚೀನ ದೇವಾಲಯಗಳೂ ರೋಮನ್ ಸೇನಾನಿ ಪಾಂಪೆಯ ಸಭಾಭವನದ ಒಂದು ಭಾಗವೂ ಬೆಳಕಿಗೆ ಬಂದವು, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್‌ನ ಕೊಲೆಯಾದದ್ದು ಆ ಭವನದಲ್ಲೇ. ರಸ್ತೆಮಟ್ಟಕ್ಕಿಂತ ತಗ್ಗಿನಲ್ಲಿರುವ, ವಾಹನಗಳ ಕಾಟವಿಲ್ಲದ ಈ ಜಾಗ ಬೀದಿಬೆಕ್ಕುಗಳಿಗೆ ಹೇಳಿ ಮಾಡಿಸಿದಂತಿತ್ತು. ನೆರೆಹೊರೆಯ ಹೆಂಗಸರು ಅವಕ್ಕೆ ಆಹಾರ ಹಾಕುತ್ತ ಬಂದರು. 1990ರ ದಶಕದಲ್ಲಿ ಈ ಕೆಲಸ ಸಂಘಟಿತ ರೂಪ ಪಡೆಯಿತು.

ಬರಿಯ ಆಹಾರದಿಂದ ಸಮಸ್ಯೆ ಬಗೆಹರಿಯದು, ಬೆಳೆಯುತ್ತದೆ: ಹೆಣ್ಣುಬೆಕ್ಕು ಆರು ತಿಂಗಳೊಳಗೇ ಗರ್ಭ ಧರಿಸಬಲ್ಲದು, ಗರ್ಭಾವಧಿ ಸುಮಾರು ಒಂಬತ್ತೇ ವಾರ. ಆದ್ದರಿಂದ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಧಾಮದ ಮುಖ್ಯ ಕಾರ್ಯ. ಬೆಕ್ಕುಗಳನ್ನು ಬೋನಿನಲ್ಲಿ ಹಿಡಿದು, ಚಿಕಿತ್ಸೆ ಮಾಡಿಸಿ, ಅವುಗಳ ನೆಲೆಗೇ ಮರಳಿ ಬಿಡಲಾಗುತ್ತದೆ. ಬೀದಿಬೆಕ್ಕುಗಳನ್ನು ಕೊಲ್ಲುವುದನ್ನು ತಡೆದು, ಅವು ಸ್ವತಂತ್ರವಾಗಿ ಬಾಳಲು ಅವಕಾಶ ಕೊಟ್ಟ ಇಟಲಿಯ 1991ರ 281ನೆಯ ಕಾನೂನು ಈ ಕ್ರಮಕ್ಕೆ ಬೆಂಬಲವಾಗಿದೆ.

ಮನುಷ್ಯರ ಒಡನಾಟವಿಲ್ಲದೆ ಬೆಳೆದ ಕಾಡುಸ್ವಭಾವದ ಬೆಕ್ಕು ಮನೆಗೆ ಒಗ್ಗುವುದು ಅಪರೂಪ; ಅದನ್ನು ಬಲವಂತದಿಂದ ಸಾಕಹೊರಡುವುದು ದಯೆಯೂ ಅಲ್ಲ. ಯಾರೋ ತಂದು ಬಿಟ್ಟುಹೋದ ಸಾಕುಬೆಕ್ಕುಗಳ ಸಂಗತಿ ಬೇರೆ. ಅವುಗಳನ್ನೂ ಮರಿಗಳನ್ನೂ ದತ್ತು ಕೊಡಲಾಗುತ್ತದೆ. ಕುರುಡು, ಕುಂಟು ಬೆಕ್ಕುಗಳನ್ನು ಧಾಮದಲ್ಲೇ ಪೋಷಿಸುವುದುಂಟು.

ಪ್ರಾಚೀನ ಅವಶೇಷಗಳ ಮೇಲಿನ ಈ ವಾಸ್ತವ್ಯಕ್ಕೆ ಅಧಿಕಾರಿಗಳಿಂದ ಆಕ್ಷೇಪವೂ ಬಂದಿತ್ತು. 2012ರಲ್ಲಿ ತೆರವಿನ ವಿವಾದ ಎದ್ದರೂ ಧಾಮ ಉಳಿಯಿತು. ಖರ್ಚಿನ ಬಹುಪಾಲು ಪ್ರವಾಸಿಗರ ದೇಣಿಗೆ, ಸ್ಮರಣಿಕೆಗಳ ಮಾರಾಟ ಹಾಗೂ ದೂರದಿಂದಲೇ ಒಂದು ಬೆಕ್ಕಿನ ವೆಚ್ಚ ಭರಿಸುವ ದತ್ತು ಯೋಜನೆಯಿಂದ ಬರುತ್ತದೆ.