ಮುಟ್ಟು ನಿಂತದ್ದಕ್ಕ ಪದ ಇಲ್ಲ

1956ರ ನವೆಂಬರ್ 1ಕ್ಕ ಬೀದರ ಜಿಲ್ಲೆಯ ಜಹೀರಾಬಾದ, ನಾರಾಯಣಖೇಡ ಆಂಧ್ರದ ಕಡಿ ಹೋದವು. ಗುಲ್ಬರ್ಗಾದ ತಾಂಡೂರ ಸುದ್ದಾ ಹೋಯಿತು. ಕಚೇರಿ ಕಾಗದ ತೆಲುಗಾದರೂ ನಮ್ಮ ಮನ್ಯಾಗಿನ ಬೀಸುಕಲ್ಲಿನ ಪದ ಕನ್ನಡದಾಗೇ ಉಳಿದವು. ಹೆಣ್ಣಿನ ಇತಿಹಾಸ ಆ ಪದದಾಗ ಅದ. ಹುಡುಗಿ ದೊಡ್ಡಾಕಿ ಆದದ್ದಕ್ಕ ಪದ, ಕುಬಸಕ್ಕ ಪದ, ತೊಟ್ಟಿಲಕ್ಕ ಪದ. ಮುಟ್ಟು ನಿಂತದ್ದಕ್ಕ ಒಂದು ಪದಾನೂ ನನಗ ಯಾರೂ ಕಲಿಸಲಿಲ್ಲ. ‘ಹೊರಗ ಕೂಡೂದು ತಪ್ಪಿತು’ ಅಂತ ಮುದುಕಿಯರು ಒಂದೇ ಮಾತಿನಾಗ ಮುಗಿಸತಿದ್ರು. ಕಲ್ಯಾಣದ ಶರಣರು 12ನೇ ಶತಮಾನದಾಗೇ ಮುಟ್ಟಿನ ಸೂತಕ ಇಲ್ಲ ಅಂದಿದ್ರು. ಕಲ್ಯಾಣ ಸನಿಹ ಇದ್ದರೂ ನಮ್ಮ ಹಳ್ಳಿಗೆ ಆ ಮಾತು ಮುಟ್ಟಲಿಲ್ಲ ನೋಡ್ರಿ.

ಒಳಗ ಆಗೂದು ಇಷ್ಟು. ಎರಡು ಅಂಡಾಶಯ ಈಸ್ಟ್ರೋಜೆನ್ ಎಂಬ ಹಾರ್ಮೋನು ತಯಾರಿಸುತ್ತವೆ. 45–50ರ ಸುಮಾರಿಗೆ ಅದು ನಿಧಾನಕ್ಕ ಕಡಿಮಿ ಆಗ್ತದ. ಒಂದೇ ಸಮ 12 ತಿಂಗಳು ಮುಟ್ಟು ಬರದಿದ್ದರ ನಿಂತಿತು ಅಂತ ಲೆಕ್ಕ. ಒಮ್ಮಿಗೇ ಮೈ ಉರಿದು ಬೆವರೂದು, ನಿದ್ದಿ ಕೆಡೂದು, ಉರಿಮೂತ್ರ, ಎಲುಬು ಸವಿಯೂದು ಇವೆಲ್ಲ ಅದರಿಂದ ಬರತಾವ. ದೆವ್ವ ಅಲ್ಲ, ಸಿಟ್ಟಿನ ಸೊಸಿಯೂ ಕಾರಣ ಅಲ್ಲ. ನಿಂತು ವರ್ಷ ಆದ ಮ್ಯಾಲ ಮತ್ತ ರಕ್ತ ಕಂಡರ ಮಾತ್ರ ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು.

ನಮ್ಮ ಕಾಲದಾಗ ಇನ್ನೊಂದು ಸುರು ಆಯಿತು. ಬಿಳಿ ಹೋಗ್ತದ, ಹೊಟ್ಟಿ ನೋಯ್ತದ ಅಂತ ಹೋದ ಮೂವತ್ತರ ಹೆಣ್ಣಮಗಳಿಗೆ ‘ಕ್ಯಾನ್ಸರ್ ಆಗ್ತದ’ ಅಂತ ಅಂಜಿಸಿ ಗರ್ಭಚೀಲ ತೆಗೆಯೂದು. 2007ರಾಗ ಆರೋಗ್ಯಶ್ರೀ ಬಂದ ಮ್ಯಾಲ ಖಾಸಗಿ ದವಾಖಾನಿಗಳಾಗ ಈ ಆಪರೇಷನ್ ಎಷ್ಟು ಹೆಚ್ಚಿದವು ಅಂದರ, ಸರ್ಕಾರವೇ ನಿರ್ಬಂಧ ಹಾಕಬೇಕಾಯಿತು. ಪಕ್ಕದ ಕಲಬುರಗಿಯ ಲಂಬಾಣಿ, ದಲಿತ ಹೆಣ್ಣಮಕ್ಕಳು ಇದೇ ದೂರು ಹಿಡಿದು ಬೀದಿಗೆ ಬಂದರು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವಯಸ್ಸಿನ ಹೆಣ್ಣಮಕ್ಕಳಾಗ ಚೀಲ ತೆಗೆಸಿದವರು ದೇಶದಾಗ ನೂರಕ್ಕ ಮೂವರು, ತೆಲಂಗಾಣದಾಗ ಹತ್ತಿರ ಹತ್ತಿರ ಎಂಟು. ಬೇಕಿಲ್ಲದ ಈ ಆಪರೇಷನ್ ತಡೆಯಲು ರಾಜ್ಯಗಳು ನಿಯಮ ಜಾರಿ ಮಾಡಬೇಕೆಂದು 2023ರಾಗ ಸುಪ್ರೀಂ ಕೋರ್ಟ್ ಹೇಳಿತು.

ಚೀಲ ಒಂದೇ ತೆಗೆದರ ಮುಟ್ಟು ನಿಲ್ತದ, ಅಂಡಾಶಯ ಇನ್ನೂ ಕೆಲಸ ಮಾಡತಾವ. ಆದರೂ ಕೆಲವರಿಗೆ ಅವೂ ಬೇಗ ಸೋಲತಾವ. ಎರಡೂ ಅಂಡಾಶಯ ತೆಗೆದರೋ, ವರ್ಷಾನುಗಟ್ಟಲೆ ನಿಧಾನಕ್ಕ ಬರೂದು ಒಂದೇ ಸಲಕ್ಕ ಬರ್ತದ. ಕಬ್ಬಿನ ಹೊಲದಾಗ, ತಾಂಡೂರಿನ ಕಲ್ಲಿನ ಕೆಲಸದಾಗ ಹೊರೆ ಹೊರಾಕಿಗೆ ನಲವತ್ತಕ್ಕೇ ಎಲುಬು ಸೋತರ ಕೂಲಿಯೂ ಹೋಯಿತು. ಅಂಥಾಕಿಗೆ ಔಷಧ ಅದ, ಆದರ ಏನು ತೆಗೆದಾರ ಅಂತ ಮೊದಲು ಗೊತ್ತಾಗಬೇಕಲ್ಲ. ಆಪರೇಷನ್ ಆದವರು ಪೆಟ್ಟಿಗಿಯಾಗಿನ ಡಿಸ್ಚಾರ್ಜ್ ಚೀಟಿ ತೆಗೆದು, ಅಂಡಾಶಯ ಉಳಿಸ್ಯಾರೋ ಇಲ್ಲೋ ಅಂತ ಶಾಲೆಯ ಮೇಡಂ ಹತ್ರ ಓದಿಸಿಕೊಳ್ರಿ.