ವಿಶೇಷಣ–ವಿಶೇಷ್ಯ ಹೊಂದಾಣಿಕೆ: ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಸಾಕ್ಷ್ಯ

ನಾಮಪದದ ಲಿಂಗ, ವಚನ, ವಿಭಕ್ತಿಗಳಿಗೆ ತಕ್ಕಂತೆ ಅದರ ವಿಶೇಷಣವೂ ರೂಪ ಬದಲಿಸುವುದಕ್ಕೆ ಹೊಂದಾಣಿಕೆ ಎನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಬಿಳಿ ಪುಸ್ತಕ ‘ಲಿಬ್ರೊ ಬ್ಲಾಂಕೊ’, ಬಿಳಿ ಮನೆ ‘ಕಾಸಾ ಬ್ಲಾಂಕಾ’, ಬಿಳಿ ಮನೆಗಳು ‘ಕಾಸಾಸ್ ಬ್ಲಾಂಕಾಸ್’. ಇದೇ ಬಗೆಯ ವ್ಯಾಕರಣ ಕರ್ನಾಟಕದ ನೆಲದಲ್ಲಿ ಕ್ರಿ.ಪೂ. 3ನೆಯ ಶತಮಾನದಲ್ಲೇ ಕಲ್ಲಿನ ಮೇಲೆ ಕೂತಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳ ಭಾಷೆ ಪ್ರಾಕೃತ. ತಂದೆತಾಯಿಗಳ, ಗುರುಗಳ ಮಾತು ಕೇಳಬೇಕೆಂದು ವಿಧಿಸಿದ ಮೇಲೆ ಬ್ರಹ್ಮಗಿರಿಯ ಪಾಠ ಇದನ್ನು ‘ಪೋರಾಣಾ ಪಕಿತಿ’, ಅಂದರೆ ಹಿಂದಿನಿಂದ ಬಂದ ರೀತಿ, ಎನ್ನುತ್ತದೆ. ‘ಪಕಿತಿ’ ಸ್ತ್ರೀಲಿಂಗ, ಅದಕ್ಕೇ ‘ಪೋರಾಣಾ’ ಎಂಬ ವಿಶೇಷಣವೂ, ಅದರ ಹಿಂದಿನ ‘ಏಸಾ’ ಎಂಬ ಸರ್ವನಾಮವೂ ಸ್ತ್ರೀಲಿಂಗ ರೂಪ ತಾಳಿವೆ. ಅದೇ ಬೆಟ್ಟದ ಬುಡದಲ್ಲಿ ಇಂದು ಆಡುವ ಕನ್ನಡದಲ್ಲಿ ಹಳೆಯ ಬಂಡೆ, ಹಳೆಯ ಸೀರೆ, ಹಳೆಯ ಗೆಳತಿಯರು: ‘ಹಳೆಯ’ ಅಲುಗುವುದಿಲ್ಲ.

ಪ್ರಾಕೃತ ಆಳುವವರ ಭಾಷೆ, ಜನರದ್ದಲ್ಲ, ಹಾಗಾಗಿ ಈ ಹೋಲಿಕೆಯೇ ಸಲ್ಲದು ಎಂದು ಆಕ್ಷೇಪಿಸಬಹುದು. ಈ ಶಾಸನಗಳನ್ನು ಬರೆದ ಲಿಪಿಕಾರ ಚಪಡ ತನ್ನ ವೃತ್ತಿಯ ಹೆಸರನ್ನು ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿರುವುದು ಆ ಆಕ್ಷೇಪಕ್ಕೆ ಬಲ ಕೊಡುತ್ತದೆ. ಆದರೆ ಸಂಸ್ಕೃತದ ವಿಷಯದಲ್ಲಿ ಈ ಮಾತು ನಿಲ್ಲದು. ಸಾವಿರ ವರ್ಷಕ್ಕೂ ಮೀರಿದ ಒಡನಾಟದಲ್ಲಿ ಕನ್ನಡ ಸಂಸ್ಕೃತದ ವಿಶೇಷಣಗಳನ್ನು ರಾಶಿ ರಾಶಿಯಾಗಿ ತೆಗೆದುಕೊಂಡಿತು, ಪ್ರತ್ಯಯಗಳನ್ನು ಹೊಸಿಲಾಚೆಯೇ ಬಿಟ್ಟಿತು. ಸಂಸ್ಕೃತಕ್ಕೆ ‘ಸುಂದರೀ’ ಬೇಕಾದ ಕಡೆ ನಾವು ಸುಂದರ ಯುವತಿ ಎನ್ನುತ್ತೇವೆ. ‘ಗುಣವತಿ’, ‘ಬುದ್ಧಿವಂತೆ’ ಇಲ್ಲವೇ ಎಂದರೆ, ಇವೆ. ಎಲ್ಲಿ ನಿಲ್ಲುತ್ತವೆ ಎಂಬುದನ್ನು ನೋಡಬೇಕು. ‘ಆಕೆ ಬುದ್ಧಿವಂತೆ’ ಸಹಜ, ಆದರೆ ನಾಮಪದದ ಮುಂದೆ ‘ಬುದ್ಧಿವಂತ ಹುಡುಗಿ’ ಎಂದೇ ಬಾಯಿಗೆ ಬರುತ್ತದೆ. ‘ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು’ ಎಂಬ ಅಚ್ಚಗನ್ನಡ ರೂಪಗಳದೂ ಇದೇ ನಡೆ. ಲಿಂಗ ತೋರುವ ಹೊಣೆ ಒಂಟಿಯಾಗಿ ನಿಂತ ಪದಕ್ಕೆ ಮಾತ್ರ. ಎರವಲು ಪದವೂ ಈ ಕಟ್ಟಿಗೆ ಒಳಪಟ್ಟಿತೇ ಹೊರತು ಕಟ್ಟನ್ನು ಮುರಿಯಲಿಲ್ಲ. ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ಯಬಾರದು ಎಂದು ಡಿ. ಎನ್. ಶಂಕರ ಭಟ್ಟರು ವಾದಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹಾಗೆಂದು ಕನ್ನಡದಲ್ಲಿ ಹೊಂದಾಣಿಕೆಯೇ ಇಲ್ಲ ಎಂದರೆ ಅತಿಯಾಯಿತು. ಸಂಖ್ಯಾವಾಚಕಗಳು ನಾಮಪದವನ್ನು ನೋಡಿಯೇ ರೂಪ ಆರಿಸಿಕೊಳ್ಳುತ್ತವೆ: ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಂದು ಮಗ್ಗ, ಇಬ್ಬರು ನೇಕಾರರು, ಎರಡು ಸೀರೆ. ಸ್ಪ್ಯಾನಿಷ್‌ನಲ್ಲಿ ಮೇಜು, ಮನೆಗಳಿಗೂ ಲಿಂಗ ಹಂಚಿದೆ; ಇಲ್ಲಿ ಮೊದಲು ಎಣಿಕೆಗೆ ಬರುವುದು ಮನುಷ್ಯರೋ ಅಲ್ಲವೋ ಎಂಬುದು. ಇದು ದ್ರಾವಿಡ ಮನೆತನದ್ದು. ಗಡಿಯಾಚೆ ರಾಯದುರ್ಗದ, ಗಡಿಯೀಚೆಗೂ ಎಷ್ಟೋ ಮನೆಗಳ ತೆಲುಗಿನಲ್ಲಿ ‘ಇದ್ದರು’ ಜನರಿಗೆ, ‘ರೆಂಡು’ ವಸ್ತುಗಳಿಗೆ. ‘ಮಂಚಿ’ ಎಂಬ ವಿಶೇಷಣ ನಮ್ಮ ‘ಒಳ್ಳೆಯ’ದಂತೆಯೇ ನಿಶ್ಚಲ. ವ್ಯತ್ಯಾಸ ಕಾಣುವುದು ಹೆಣ್ಣಿನ ಏಕವಚನದಲ್ಲಿ: ಕನ್ನಡ ‘ಒಳ್ಳೆಯವಳು’ ಎನ್ನುವಲ್ಲಿ ತೆಲುಗು ವಸ್ತುವಿಗೆ ಹೇಳುವ ‘ಮಂಚಿದಿ’ಯನ್ನೇ ಹೆಣ್ಣಿಗೂ ಹೇಳುತ್ತದೆ.