ಕನಿಷ್ಠ ನದಿ ಹರಿವು

ನದಿಯ ಇಂತಿಂಥ ಜಾಗದಲ್ಲಿ, ವರ್ಷದ ಇಂತಿಂಥ ದಿನಗಳಲ್ಲಿ ಇಷ್ಟು ನೀರಾದರೂ ಹರಿಯುತ್ತಿರಬೇಕು ಎಂದು ಕಾನೂನು ಕಟ್ಟುಮಾಡಿದ ಪ್ರಮಾಣವೇ ಕನಿಷ್ಠ ಹರಿವು. ಇದನ್ನು ಸಾಮಾನ್ಯವಾಗಿ ಕ್ಯುಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಭಾರತದಲ್ಲಿ ಪರಿಸರ ಹರಿವು ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ಮೀನು ಉಳಿಯಬೇಕು, ನೀರಿನ ಹಕ್ಕು ಪಡೆದವರ ನಡುವಿನ ಸರದಿಯೂ ಕೆಡಬಾರದು. ಈ ಎರಡರ ಜಗ್ಗಾಟವನ್ನು ಹತ್ತಿರದಿಂದ ನೋಡಬೇಕಾದರೆ ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯಕ್ಕೆ ಹೋಗಬೇಕು.

ಅಲ್ಲಿನ ಹೊಳೆಗಳ ಮುಖ್ಯ ಮೀನು ಸಾಲ್ಮನ್. ಸಿಹಿನೀರಿನಲ್ಲಿ ಹುಟ್ಟಿ, ಕಡಲಲ್ಲಿ ಬಲಿತು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುತ್ತದೆ. ಹೆಣ್ಣು ಮೀನು ಒಂದು ಮಗ್ಗುಲಿಗೆ ವಾಲಿ, ಬಾಲದಿಂದ ತಳದ ಗುಂಡುಗಲ್ಲುಗಳನ್ನು ಬಡಿದು ಬಡಿದು ಗುಂಡಿ ತೋಡುತ್ತದೆ. ಮೊಟ್ಟೆಯಿಟ್ಟ ಮೇಲೆ ತುಸು ಮೇಲ್ಗಡೆಯ ಕಲ್ಲು ಕೆದರಿ ಆ ಗುಂಡಿಯನ್ನು ಮುಚ್ಚುತ್ತದೆ. ಕಲ್ಲಿನ ಸಂದಿಗಳಲ್ಲಿ ತಣ್ಣನೆಯ ನೀರು ನುಸುಳುತ್ತಲೇ ಇದ್ದರೆ ಮಾತ್ರ ಒಳಗಿನ ಮೊಟ್ಟೆಗೆ ಉಸಿರು. ಚಿನೂಕ್ ಜಾತಿಯ ಸಾಲ್ಮನ್ ಬಹುಮಟ್ಟಿಗೆ ಮೊಟ್ಟೆಯಿಡುವುದು ಬೇಸಿಗೆ ಮುಗಿಯುವ ಹೊತ್ತಿಗೆ. ಬೆಟ್ಟದ ಹಿಮ ಕರಗಿ ಆಗಿರುತ್ತದೆ, ಮಳೆ ಇನ್ನೂ ಹಿಡಿದಿರುವುದಿಲ್ಲ. ಆಗ ಹೊಳೆಯ ಮಟ್ಟ ತುಸು ಕುಸಿದರೂ ದಡದ ಬಳಿಯ ಗೂಡುಗಳು ಗಾಳಿಗೆ ತೆರೆದುಕೊಳ್ಳುತ್ತವೆ. ಮೊಟ್ಟೆಗಳು ಅಲ್ಲೇ ಒಣಗುತ್ತವೆ. ಮೀನಿಗೆ ಬೇಕಾದದ್ದು ವರ್ಷದ ಒಟ್ಟು ನೀರಿನ ಸರಾಸರಿಯಲ್ಲ, ಆ ಕೆಲವು ವಾರಗಳ ನೀರು.

ಅಮೆರಿಕದ ಪಶ್ಚಿಮ ರಾಜ್ಯಗಳ ಜಲನ್ಯಾಯದ ಮೂಲಸೂತ್ರ ಸರಳ: ಮೊದಲು ಬಂದವರಿಗೆ ಮೊದಲ ಹಕ್ಕು. 1905ರಲ್ಲಿ ಕಾಲುವೆ ತೆಗೆದವನ ಪಾಲು ಪೂರ್ತಿ ಸಂದ ಮೇಲೆಯೇ 1950ರಲ್ಲಿ ಬಂದವನಿಗೆ ನೀರು. ವಾಷಿಂಗ್ಟನ್ 1917ರ ಜಲಸಂಹಿತೆಯಲ್ಲಿ ಇದನ್ನು ಬರೆದಿಟ್ಟಿತು. ಎಲ್ಲರಿಗಿಂತ ಮೊದಲು ಇದ್ದ ನದಿಗೆ ಮಾತ್ರ ಆ ಸರದಿಯಲ್ಲಿ ಜಾಗವಿರಲಿಲ್ಲ. ಮೀನಿಗೆ ಧಕ್ಕೆ ತರುವ ಹೊಸ ಪರವಾನಗಿಗೆ ಮೀನುಗಾರಿಕೆ ಇಲಾಖೆ ಆಕ್ಷೇಪ ಎತ್ತುವ ಅವಕಾಶ 1949ರಲ್ಲಿ ಬಂತು. 1969ರ ಕಾಯಿದೆ ಕನಿಷ್ಠ ಹರಿವು ನಿಗದಿಪಡಿಸುವ ಅಧಿಕಾರ ಕೊಟ್ಟಿತು. 1971ರ ಜಲಸಂಪನ್ಮೂಲ ಕಾಯಿದೆ ನದಿಗಳಲ್ಲಿ ತಳಹರಿವು ಉಳಿಸಿಕೊಳ್ಳಬೇಕೆಂದು ವಿಧಿಸಿತು.

ಹೀಗೆ ನಿಗದಿಯಾದ ಹರಿವನ್ನು ಅಲ್ಲಿನ ಕಾನೂನು ಒಂದು ನೀರಿನ ಹಕ್ಕೆಂದೇ ಪರಿಗಣಿಸುತ್ತದೆ. ನಿಯಮ ಜಾರಿಯಾದ ದಿನವೇ ಆ ಹಕ್ಕಿನ ತಾರೀಖು. 1985ರಲ್ಲಿ ಒಂದು ಹೊಳೆಗೆ ಕನಿಷ್ಠ ಹರಿವು ಗೊತ್ತಾಯಿತು ಎಂದುಕೊಳ್ಳೋಣ. ಮಟ್ಟ ಅದಕ್ಕಿಂತ ಇಳಿದ ದಿನ, 1995ರಲ್ಲಿ ಪರವಾನಗಿ ಪಡೆದ ರೈತ ಪಂಪು ನಿಲ್ಲಿಸಬೇಕು. 1920ರ ಹಕ್ಕಿನವನು ನಿಲ್ಲಿಸಬೇಕಾಗಿಲ್ಲ. ಹಾಗಾಗಿ ಬರಗಾಲದಲ್ಲಿ ಕಾಗದದ ಮೇಲಿನ ಹರಿವು ಹೊಳೆಯಲ್ಲಿ ಕಾಣದೇ ಹೋಗುವುದುಂಟು. ಕನಿಷ್ಠ ಎಂಬ ಪದ ಕೇಳಿದವರು ತಪ್ಪು ತಿಳಿಯುವುದು ಇಲ್ಲಿಯೇ: ಈ ನಿಯಮ ಹೊಳೆಗೆ ಹೊಸದಾಗಿ ಒಂದು ಹನಿಯನ್ನೂ ತುಂಬುವುದಿಲ್ಲ, ಇನ್ನಷ್ಟು ಕೈಗಳು ಚಾಚದಂತೆ ತಡೆಯುತ್ತದೆ.

ಹಾಗಿದ್ದರೂ ಅದು ದುರ್ಬಲ ಹಕ್ಕಲ್ಲ ಎಂಬುದನ್ನು ಸ್ಕ್ಯಾಜಿಟ್ ನದಿಯ ಪ್ರಕರಣ ತೋರಿಸಿತು. ಪೆಸಿಫಿಕ್ ಸಾಲ್ಮನ್‌ನ ಐದೂ ಜಾತಿಗಳು ಬರುವ ದೊಡ್ಡ ನದಿ ಅದು. 2001ರಲ್ಲಿ ಅದಕ್ಕೆ ಕನಿಷ್ಠ ಹರಿವು ನಿಗದಿಯಾಯಿತು. ಹೊಸ ಮನೆಗಳ ಕೊಳವೆಬಾವಿಗೂ ನೀರಿಲ್ಲದಂತಾದೀತು ಎಂಬ ಒತ್ತಡಕ್ಕೆ ಮಣಿದು ರಾಜ್ಯದ ಪರಿಸರ ಇಲಾಖೆ 2006ರಲ್ಲಿ ನಿಯಮ ತಿದ್ದಿ, 27 ಕಡೆ ನೀರನ್ನು ಮುಂದಿನ ಬಳಕೆಗೆ ಕಾಯ್ದಿರಿಸಿತು. ಸ್ವಿನೋಮಿಷ್ ಬುಡಕಟ್ಟಿನವರು ನ್ಯಾಯಾಲಯಕ್ಕೆ ಹೋದರು. 2013ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ರದ್ದುಮಾಡಿತು. ನಿಗದಿಯಾದ ಹರಿವೂ ಒಂದು ಹಕ್ಕು, ಸಾರ್ವಜನಿಕ ಹಿತದ ಹೆಸರು ಹೇಳಿ ಅದನ್ನು ಚೂರುಚೂರಾಗಿ ಹಂಚುವಂತಿಲ್ಲ ಎಂಬುದು ತೀರ್ಪಿನ ತಿರುಳು. ಕಾಯ್ದಿರಿಸಿದ ನೀರನ್ನು ನಂಬಿ ನಿವೇಶನ ಕೊಂಡವರು ಇಕ್ಕಟ್ಟಿಗೆ ಸಿಕ್ಕಿದರು. ಅವರ ಸಂಕಟ ಸುಳ್ಳಲ್ಲ. ಆದರೆ ಆ ಭರವಸೆ ಕೊಟ್ಟದ್ದು ನದಿಯಲ್ಲ.

ಅದೇ ನ್ಯಾಯಾಲಯದ 2016ರ ಹರ್ಸ್ಟ್ ತೀರ್ಪು ಇನ್ನೂ ಮುಂದೆ ಹೋಯಿತು. ಹೊಸ ಮನೆಗೆ ಅನುಮತಿ ಕೊಡುವ ಮುನ್ನ ಅದರ ಬಾವಿಯಿಂದ ಹೊಳೆಯ ಕನಿಷ್ಠ ಹರಿವಿಗೆ ಧಕ್ಕೆಯಿಲ್ಲವೆಂದು ಜಿಲ್ಲಾಡಳಿತ ಖಚಿತಪಡಿಸಿಕೊಳ್ಳಬೇಕು ಎಂದಿತು. ಬಾವಿಯ ನೀರೂ ಹೊಳೆಯ ನೀರೂ ನೆಲದಡಿ ಒಂದೇ ಎಂಬುದಕ್ಕೆ ಸಿಕ್ಕ ಮನ್ನಣೆ ಇದು. ರಾಜ್ಯದ ಶಾಸನಸಭೆ 2018ರಲ್ಲಿ ಬಾವಿಗಳಿಗೆ ಮಿತಿಯೊಳಗೆ ದಾರಿ ಮಾಡಿಕೊಟ್ಟು, ಹೊಳೆಗಳ ಹರಿವು ಮರಳಿಸುವ ಕೆಲಸಕ್ಕೆ 15 ವರ್ಷಗಳಲ್ಲಿ 30 ಕೋಟಿ ಡಾಲರ್ ಗೊತ್ತುಮಾಡಿತು.

ಬುಡಕಟ್ಟುಗಳ ಬಲ ಇದಕ್ಕಿಂತ ಹಳೆಯದು. 1850ರ ದಶಕದ ಒಪ್ಪಂದಗಳಲ್ಲಿ ಅವರು ನೆಲ ಬಿಟ್ಟುಕೊಟ್ಟರು, ವಾಡಿಕೆಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡರು. ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಅವರದು ಎಂದು 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ತೀರ್ಪಿತ್ತರು. ಹೊಳೆ ಬತ್ತಿದರೆ ಆ ಅರ್ಧಕ್ಕೆ ಅರ್ಥವೇನು ಎಂಬ ಪ್ರಶ್ನೆ ಅದರ ಬೆನ್ನಿಗೇ ಎದ್ದಿತು.

ಅಂಕಿಯನ್ನು ಗೊತ್ತುಮಾಡುವ ಬಗೆಗಳು ಹಲವು. ಡೊನಾಲ್ಡ್ ಟೆನಂಟ್ 1976ರಲ್ಲಿ ಪ್ರಕಟಿಸಿದ ವಿಧಾನ ಅತಿ ಸುಲಭದ್ದು. ವಾರ್ಷಿಕ ಸರಾಸರಿ ಹರಿವಿನ ಶೇ 10 ಇದ್ದರೆ ಹೆಚ್ಚಿನ ಜೀವಿಗಳು ಅಲ್ಪಕಾಲ ಜೀವ ಹಿಡಿದಿರಬಲ್ಲವು, ಶೇ 30 ಇದ್ದರೆ ಸುಸ್ಥಿತಿ, ಶೇ 60 ಇದ್ದರೆ ಅತ್ಯುತ್ತಮ ಎಂಬುದು ಅದರ ಸಾರ. ಸುಲಭವಾದದ್ದರಿಂದಲೇ ಜಗತ್ತಿನಾದ್ಯಂತ ಹಬ್ಬಿತು. ಶೇ 10 ಎಂಬುದನ್ನು ಗುರಿಯೆಂದು ತಿಳಿದದ್ದು ಮಾತ್ರ ದೊಡ್ಡ ತಪ್ಪು. ಟೆನಂಟ್ ಲೆಕ್ಕದಲ್ಲಿ ಅದು ಜೀವ ಹೋಗದಿರುವ ಅಂಚು. ಇನ್ನೊಂದು ವಿಧಾನದಲ್ಲಿ ತಜ್ಞರು ಹೊಳೆಗೇ ಇಳಿದು, ದಡದಿಂದ ದಡಕ್ಕೆ ಅಳತೆಪಟ್ಟಿ ಎಳೆದು, ಅಡಿ ಅಡಿಗೂ ಆಳ, ವೇಗ, ತಳದ ಕಲ್ಲಿನ ಗಾತ್ರವನ್ನು ಬರೆದುಕೊಳ್ಳುತ್ತಾರೆ. ಯಾವ ಹರಿವಿನಲ್ಲಿ ಮೀನಿಗೆ ಎಷ್ಟು ಜಾಗ ಒದಗುತ್ತದೆ ಎಂಬುದನ್ನು ಅದರಿಂದ ಲೆಕ್ಕ ಹಾಕುತ್ತಾರೆ. ದುಬಾರಿ, ನಿಧಾನ, ಆದರೆ ಮೀನನ್ನು ಕೇಳಿ ತೆಗೆದ ಅಂಕಿ ಇದೇ.

ಭಾರತದಲ್ಲಿ ಗಂಗಾ ನದಿಗೆ 2018ರ ಅಕ್ಟೋಬರ್‌ನಲ್ಲಿ ಕನಿಷ್ಠ ಹರಿವಿನ ಅಧಿಸೂಚನೆ ಹೊರಟಿತು. ಹರಿದ್ವಾರದವರೆಗಿನ ಮೇಲ್ಭಾಗದಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಶೇ 20, ಅಕ್ಟೋಬರ್, ಏಪ್ರಿಲ್, ಮೇ ತಿಂಗಳಲ್ಲಿ ಶೇ 25, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೇ 30ರಷ್ಟು ಹರಿವು ಬಿಡಬೇಕು. ಕಾಲಕ್ಕೆ ತಕ್ಕಂತೆ ಅಂಕಿ ಬದಲಾಗುವುದು ಇದರ ಒಳ್ಳೆಯ ಗುಣ.

ಕಾವೇರಿಯ ಕಥೆ ಬೇರೆ. ಕಾವೇರಿ ಜಲವಿವಾದ ನ್ಯಾಯಮಂಡಳಿ 2007ರಲ್ಲಿ 740 ಟಿಎಂಸಿಯನ್ನು (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ರಾಜ್ಯಗಳಿಗೆ ಹಂಚುವಾಗ ಪರಿಸರಕ್ಕೆ 10 ಟಿಎಂಸಿ ಇಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕ ತಮಿಳುನಾಡಿಗೆ ಬಿಡುವ ಪ್ರಮಾಣವನ್ನು 177.25 ಟಿಎಂಸಿಗೆ ಇಳಿಸಿದಾಗಲೂ ಆ ಹತ್ತನ್ನು ಮುಟ್ಟಲಿಲ್ಲ. ಎರಡು ರಾಜ್ಯಗಳ ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದ ವೇಳಾಪಟ್ಟಿಯಲ್ಲಿ ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ 2.5 ಟಿಎಂಸಿ ಇದೆ. ನಾಲ್ಕು ತಿಂಗಳಿಗೆ ಸರಿಯಾಗಿ ಹತ್ತು. ಪಟ್ಟಿ ಹೇಳುವುದು ಟಿಎಂಸಿಯನ್ನು ಮಾತ್ರ, ಮೀನಿಗೆ ಬೇಕಾದ ಮಡುವಿನ ಆಳವನ್ನಲ್ಲ. ಕಾವೇರಿ ಕಣಿವೆಯಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಡುಬ್ಬದ ಮಹಶೀರ್ ಮೀನು 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು. ತಿಂಗಳಿಗೆ 2.5 ಟಿಎಂಸಿ ಎಂದರೆ ಹೆಚ್ಚುಕಡಿಮೆ 1,000 ಕ್ಯುಸೆಕ್. ಏಪ್ರಿಲ್ ತಿಂಗಳ ಪತ್ರಿಕೆಯಲ್ಲಿ ಬಿಳಿಗುಂಡ್ಲುವಿನ ಹರಿವು ಅದಕ್ಕಿಂತ ಕಡಿಮೆ ಕಂಡರೆ, ಕೊರತೆಯಾದದ್ದು ನದಿಯದೇ ಪಾಲು ಎಂದು ಓದುಗರು ತಿಳಿಯಬೇಕು.